ಮೈಕ್ ನಿಂತ ಮೇಲೆ

ಫೆಬ್ರವರಿ ೯

ಅಮ್ಮಾ,

ಭಾನುವಾರದ ವೀಡಿಯೊ ಕಾಲ್‌ನಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ. ನೀನು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ಸನ್ನೆ ಮಾಡುವುದನ್ನು ನೋಡಿದರೆ ಅರ್ಧ ಬಾಯಿ ಕಟ್ಟಿ ಮಾತಾಡಿಸಿದ ಹಾಗಾಗುತ್ತದೆ. ಅದಕ್ಕೇ ಪತ್ರ ಬರೆಯಲು ಕುಳಿತೆ.

ಹೊಸ ಕೆಲಸಕ್ಕೆ ನಿಧಾನವಾಗಿ ಒಗ್ಗಿಕೊಳ್ಳುತ್ತಿದ್ದೇನೆ. ನಗರಸಭೆಯ ಸಭಾಂಗಣ ಟೀವಿಯಲ್ಲಿ ಕಾಣುವಷ್ಟು ದೊಡ್ಡದೇನಲ್ಲ. ಎದುರಿಗೆ ಅಧ್ಯಕ್ಷರ ವೇದಿಕೆ, ಕೆಳಗೆ ಸದಸ್ಯರ ಬೆಂಚುಗಳು, ಹಿಂದೆ ಜನರ ಕುರ್ಚಿಗಳು. ಜನ ಬಂದು ಮಾತಾಡುವ ಮೈಕು ಒಂದು ಬದಿಯ ಗೋಡೆಯ ಹತ್ತಿರ. ಅದರ ಪಕ್ಕದಲ್ಲೇ ಕಪ್ಪು ಅಂಗಿ ತೊಟ್ಟು ನಾನು ನಿಲ್ಲಬೇಕು, ಕೈಗಳು ಎದ್ದು ಕಾಣಲಿ ಅಂತ. ಅಲ್ಲಿ ಯಾರೇನು ಆಡಿದರೂ ಕಿವಿ ಕೇಳದ ನಿಮಗೆಲ್ಲ ಸನ್ನೆಯಲ್ಲಿ ತಿಳಿಸುವುದು ನನ್ನ ಕೆಲಸ. ನನ್ನ ಮುಂದೆಯೇ ಟೈಪಿಸ್ಟ್ ಅಕ್ಕನ ಮೇಜು. ಸಭೆಯಲ್ಲಿ ನಡೆದದ್ದನ್ನು ದಾಖಲಿಸುವವರು ಅವರು.

ಮೊದಲ ದಿನವೇ ಕಾರ್ಯದರ್ಶಿಗಳು ಕರೆದು, "ನೋಡಮ್ಮ, ಅಧ್ಯಕ್ಷರು ಹೇಳಿದ್ದನ್ನ ಪೂರ್ತಿ ತೋರ್ಸು. ಜನ ಹೇಳಿದ್ದನ್ನ ಸುಮಾರಾಗಿ ತೋರ್ಸಿದ್ರೆ ಸಾಕು," ಎಂದರು. ನಾನು ತಲೆಯಾಡಿಸಿದೆ. ಹೌದು ಎಂದು ಆಡಿಸಿದೆನೋ ಸುಮ್ಮನೆ ಆಡಿಸಿದೆನೋ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಮನೆ ಎಷ್ಟು ಗಲಾಟೆಯ ಮನೆ ಎಂದು ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತಮ್ಮ. ನಿಮ್ಮ ಕಿವುಡರ ಸಂಘದವರೆಲ್ಲ ಸೇರಿದರೆ ಮೇಜು ಬಡಿಯುವುದೇನು, ನೆಲ ಒದೆಯುವುದೇನು, ಕೆಳಗಿನ ಮನೆಯವರು ಬಂದು ಬೈಯುವವರೆಗೂ ನಗುವುದೇನು! ಇಲ್ಲಿ ಎಲ್ಲರಿಗೂ ಕಿವಿ ಇದೆ, ಗಂಟಲಿದೆ, ಆದರೆ ಬಾಗಿಲ ಹತ್ತಿರ ಹೆಜ್ಜೆ ಸಪ್ಪಳವಾದರೆ ಸಾಕು, ಅರ್ಧ ವಾಕ್ಯದಲ್ಲೇ ಮಾತು ನುಂಗುತ್ತಾರೆ. ಮೊನ್ನೆ ಒಬ್ಬ ಸದಸ್ಯರು ಕೇಳಿದ ಪ್ರಶ್ನೆ ದಾಖಲೆಯಲ್ಲಿ ಬಂದೇ ಇರಲಿಲ್ಲ. ಟೀ ಕುಡಿಯುವಾಗ ಟೈಪಿಸ್ಟ್ ಅಕ್ಕನನ್ನು "ಅದ್ಯಾಕೆ ಅಕ್ಕ ಬಿಟ್ಟುಹೋಗಿದೆ?" ಎಂದು ಕೇಳಿದೆ. ಅವರು ನನ್ನ ಲೋಟವನ್ನೇ ನೋಡುತ್ತಾ, "ಸಕ್ಕರೆ ಸಾಕಾ?" ಎಂದರು.

ಸಾಕು ಅಂದೆ.

ನಿನ್ನ
ಪುಟ್ಟಿ

ಫೆಬ್ರವರಿ ೨೦

ಪುಟ್ಟೀ,

ಪತ್ರ ಬಂತು. ಸಂಘದ ಕೋಣೆಯಲ್ಲಿ ಎಲ್ಲರಿಗೂ ಓದಿಸಿದೆ, ಬೇಜಾರು ಮಾಡಿಕೊಳ್ಳಬೇಡ. ನಗರಸಭೆ ಕೂಡುವ ದಿನ ನಾವೆಲ್ಲ ಕೆಲಸ ಮುಗಿಸಿ ಅಲ್ಲೇ ಸೇರುತ್ತೇವೆ. ಟೀವಿಗೆ ಅಂಟಿಕೊಂಡ ಹಾಗೆ ಕುಳಿತು ಹಿಂದಿನವರಿಗೆ ಏನೂ ಕಾಣದಂತೆ ಮಾಡುವವನು, ಮೇಲ್ತುಟಿ ಸವರಿದರೆ ಸಾಕು ಎಲ್ಲರಿಗೂ ಯಾರೆಂದು ತಿಳಿಯುವ ನಮ್ಮ ಮೀಸೆಯೇ. "ನಿಮ್ ಮಗಳ ಕೈಯಲ್ಲಿ ಆ ಅಧ್ಯಕ್ಷ ನಿಜಕ್ಕಿಂತ ಬುದ್ಧಿವಂತನಾಗಿ ಕಾಣ್ತಾನೆ," ಎಂದು ಅವನ ದೂರು. ಪರದೆಯ ಮೂಲೆಯಲ್ಲಿ ನೀನು ಕಾಣುವ ಆ ಪುಟ್ಟ ಚೌಕವನ್ನು ಬಿಟ್ಟು ನಾನು ಬೇರೇನನ್ನೂ ನೋಡುವುದಿಲ್ಲ. ನೀನು ತೆಳ್ಳಗಾಗಿದ್ದೀಯ. ಕಪ್ಪು ಬಟ್ಟೆಗೆ ಹಾಗೆ ಕಾಣುತ್ತದೆ ಎಂದು ಹೇಳಬೇಡ, ನಾನು ಒಪ್ಪುವುದಿಲ್ಲ.

ಬೈಂಡಿಂಗ್ ಅಂಗಡಿಯಲ್ಲಿ ಶಾಲೆಯ ಪುಸ್ತಕಗಳ ಕೆಲಸ ಶುರುವಾಗಿದೆ. ಹೊಲಿದು, ಅಂಟು ಬಳಿದು, ಪ್ರೆಸ್ಸಿಗೆ ಕೊಟ್ಟು ಮನೆಗೆ ಬರುವಷ್ಟರಲ್ಲಿ ಬೆರಳೆಲ್ಲ ಅಂಟು. ಆ ಬೆರಳಲ್ಲಿ ಸನ್ನೆ ಮಾಡಿದರೆ ತೊದಲಿದ ಹಾಗಿರುತ್ತದೆ ಎಂದು ಎಲ್ಲರೂ ನಗುತ್ತಾರೆ.

ಒಂದು ಮಾತು. ಕಿವಿ ಕೇಳುವವರ ಆಫೀಸು, ಅವರ ರೀತಿ ಅವರಿಗೆ. ಒಳ್ಳೆಯ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ತಲೆ ತಗ್ಗಿಸಿಕೊಂಡು ಕೆಲಸ ಮಾಡು. ಕೈ ಮಾತ್ರ ತಗ್ಗಿಸಬೇಡ, ಟೀವಿಯಲ್ಲಿ ಕಾಣುವುದಿಲ್ಲ.

ಪ್ರೀತಿಯಿಂದ,
ಅಮ್ಮ

ಏಪ್ರಿಲ್ ೧೧

ಪುಟ್ಟೀ,

ನಿನ್ನೆ ಏನಾಯಿತು? ಆ ಹೆಂಗಸಿನ ಮಾತು ನೀನು ತೋರಿಸುತ್ತಿದ್ದೆ. ನಮಗೆಲ್ಲ ಕಣ್ಣು ಮಿಟುಕಿಸಲೂ ಆಗಲಿಲ್ಲ. ಇದ್ದಕ್ಕಿದ್ದಂತೆ ನಿನ್ನ ಚೌಕ ಕಪ್ಪಾಯಿತು. ಟೀವಿ ಕೆಟ್ಟಿತೆಂದು ಮೀಸೆ ಅದರ ತಲೆಗೆ ಬಡಿದ. ಟೀವಿ ಕೆಟ್ಟಿರಲಿಲ್ಲ, ಅಧ್ಯಕ್ಷರು ಕಾಣಿಸುತ್ತಲೇ ಇದ್ದರು.

ಎಷ್ಟು ಸಲ ಕಾಲ್ ಮಾಡಿದರೂ ನೀನು ತೆಗೆಯುತ್ತಿಲ್ಲ. ಮೆಸೇಜಿಗೆ "ಚೆನ್ನಾಗಿದ್ದೇನೆ" ಎಂದು ಒಂದೇ ಪದ. ಕೂಡಲೇ ಬರೆ.

ಅಮ್ಮ

ಏಪ್ರಿಲ್ ೧೫

ಅಮ್ಮಾ,

ಕಾಲ್ ತೆಗೆದಿದ್ದರೆ ನಾನು ಕೈ ಎತ್ತುವ ಮೊದಲೇ ನನ್ನ ಮುಖ ನಿನಗೆ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಕಾಗದಕ್ಕೆ ಮುಖವಿಲ್ಲ, ಅದಕ್ಕೇ ಇಲ್ಲಿ ಧೈರ್ಯ.

ಆ ದಿನ ಅಧ್ಯಕ್ಷರು ವರ್ಷದ ವರದಿ ಓದಿದರು. ನಗರಸಭೆಯ ಆಸ್ಪತ್ರೆಯಲ್ಲಾಗಲಿ, ಬೇರೆಲ್ಲೇ ಆಗಲಿ, ಈ ವರ್ಷ ಕೆಲಸದ ವೇಳೆ ಒಬ್ಬರಿಗೂ ಪೆಟ್ಟಾಗಿಲ್ಲ ಎಂದರು. ಸದಸ್ಯರು ಮೇಜು ತಟ್ಟಿದರು. ಆಮೇಲೆ ಜನರ ಸರದಿ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಹೆಂಗಸೊಬ್ಬರು ಮೈಕಿನ ಹತ್ತಿರ ಬಂದರು. ನೀರಿನಲ್ಲಿ ನೆನೆದು ನೆನೆದು ಅವರ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ರಜೆಯ ಬಗ್ಗೆ ಕೇಳುವುದಿದೆ ಎಂದು ಹೆಸರು ಕೊಟ್ಟಿದ್ದರಂತೆ. ಆದರೆ ಮೈಕ್ ಮುಂದೆ ನಿಂತು ಬೇರೆಯದನ್ನೇ ಶುರು ಮಾಡಿದರು.

"ಯಾರಿಗೂ ಏನೂ ಆಗಿಲ್ಲ ಅಂದ್ರಲ್ಲ ಸ್ವಾಮಿ. ನನ್ನ ಪಕ್ಕದಲ್ಲಿ ಕೆಲಸ ಮಾಡೋಳ ಕೈ ಮೊಣಕೈತನಕ ಬೆಂದುಹೋಗಿದೆ. ಮಿಷನ್ನಿನ ಮುಚ್ಚಳ ನಿಲ್ಲಲ್ಲ, ಹಬೆ ಮುಖಕ್ಕೇ ನುಗ್ಗುತ್ತೆ ಅಂತ ಹೇಳಿ ಹೇಳಿ ಸಾಕಾಗಿತ್ತು. ಆಮೇಲೆ..."

ಅಷ್ಟರಲ್ಲಿ ಅಧ್ಯಕ್ಷರು ಮೈಕ್ ನೋಡಿಕೊಳ್ಳುವವನ ಕಡೆ ಒಮ್ಮೆ ನೋಡಿದರು. ಮೈಕಿನ ಕೆಂಪು ದೀಪ ಆರಿತು.

ಆ ಹೆಂಗಸಿಗೆ ಅದು ಗೊತ್ತೇ ಆಗಲಿಲ್ಲ. ಅವರು ಮಾತಾಡುತ್ತಲೇ ಇದ್ದರು. ಫ್ಯಾನುಗಳ ಸದ್ದಿಗೆ, ಸದಸ್ಯರ ಗುಜುಗುಜಿಗೆ ಹಿಂದಿನವರಿಗೆ ಏನೂ ಕೇಳುತ್ತಿರಲಿಲ್ಲ. ಆದರೆ ಅವರು ನಿಂತಿದ್ದದ್ದು ನನ್ನ ಭುಜದ ಪಕ್ಕದಲ್ಲಿ. ನನಗೆ ಪ್ರತಿ ಮಾತೂ ಕೇಳುತ್ತಿತ್ತು. "ಮನೇಲಿ ಬಿಸಿನೀರು ಚೆಲ್ಲಿಕೊಂಡೆ ಅಂತ ಹೇಳು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ ಅಂದ್ರು. ಅವಳು ಹಾಗೇ ಹೇಳಿದ್ಲು. ನಾವೂ ಹೌದು ಹೌದು ಅಂದ್ವಿ. ಈಗ ಅವಳ ಬೆರಳು ಮಡಚೋಕ್ಕೇ ಬರಲ್ಲ. ಆ ಮಿಷನ್ನು ಇವತ್ತೂ ಓಡ್ತಾ ಇದೆ."

ನನ್ನ ಕೈ ನಿಲ್ಲಲಿಲ್ಲ ಅಮ್ಮ. ನಿಲ್ಲಿಸಬೇಕು ಅಂತ ಹೊಳೆಯಲೇ ಇಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಈ ಊರಿನ ಕಿವುಡರೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು, ಅದೇ ನಮ್ಮ ಚಪ್ಪಾಳೆ. ಕಿವಿ ಇದ್ದವರು ಬಗ್ಗಿ ಅವರನ್ನು ಕೇಳತೊಡಗಿದರು, "ಏನಂತೆ? ಆಯಮ್ಮ ಏನಂದ್ಲು?" ಒಬ್ಬ ತನ್ನ ತೋಳನ್ನು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಹೆದರಿಸಿ ಬಾಯಿ ಮುಚ್ಚಿಸಿದರೆಂದು ತಿಳಿಸಿದ. ಇಡೀ ಸಭೆಗೆ ಅದು ಹಬ್ಬಿತು. ನಿನಗೆ ಚೌಕ ಕಪ್ಪಾಗಿ ಕಂಡದ್ದು ಆಗಲೇ ಇರಬೇಕು.

ಈಗ ನನ್ನ ಮೇಲೆ ವಿಚಾರಣೆ. ಮೈಕ್ ನಿಂತ ಮೇಲೆ ಏನು ಹೇಳಿದರು ಎಂಬುದಕ್ಕೆ ರೆಕಾರ್ಡಿಂಗ್ ಇಲ್ಲ. ದಾಖಲೆಯಲ್ಲಿ "ರಜೆಯ ಕುರಿತು ಮನವಿ" ಎಂದಷ್ಟೇ ಇದೆ. ಹೆದರಿಸಿ ಸುಳ್ಳು ಹೇಳಿಸಿದರು ಎಂಬುದೆಲ್ಲ ನಾನು ಸೇರಿಸಿದ್ದು ಎನ್ನುತ್ತಾರೆ. ಕಾರ್ಯದರ್ಶಿಗಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತುಂಬಾ ಮೆತ್ತಗೆ, "ಗಡಿಬಿಡಿಯಲ್ಲಿ ಸನ್ನೆ ತಪ್ಪಾಯ್ತು ಅಂತ ವಿಚಾರಣೆಯಲ್ಲಿ ಹೇಳಿಬಿಡಮ್ಮ. ಕೆಲಸ ಉಳಿಯುತ್ತೆ. ನಾನು ನೋಡ್ಕೋತೀನಿ," ಎಂದರು.

ಟೀ ಕೋಣೆಯಲ್ಲಿ ಈಗ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಟೈಪಿಸ್ಟ್ ಅಕ್ಕ ಬಂದರು, ಲೋಟ ತೊಳೆದರು, ಹೋದರು.

ಏನು ಮಾಡಲಿ?

ಪುಟ್ಟಿ

ಏಪ್ರಿಲ್ ೧೯

ಪುಟ್ಟೀ,

ಕಾರ್ಯದರ್ಶಿಗಳು ಹೇಳಿದಂತೆ ಹೇಳಿಬಿಡು.

ನನ್ನ ವಯಸ್ಸಿನವರಿಗೆ ಕೆಲಸಕ್ಕಾಗಿ ಎಷ್ಟು ಬಾಗಿಲು ತಟ್ಟಬೇಕಾಯಿತು ಎಂಬುದು ನನಗೆ ಗೊತ್ತು. ಒಳಗಿನಿಂದ "ಯಾರು?" ಎಂದು ಕೇಳಿದರೂ ನಮಗೆ ಕೇಳುತ್ತಿರಲಿಲ್ಲ. ನಿನಗೆ ಆ ಗತಿ ಬರಬಾರದು ಎಂದೇ ನಿನ್ನನ್ನು ಓದಿಸಿದೆ. ಆ ಹೆಂಗಸು ಹೇಳಬೇಕಾದದ್ದನ್ನು ಹೇಳಿಯಾಯಿತು. ಜನಕ್ಕೂ ಗೊತ್ತಾಯಿತು. ನೀನೊಬ್ಬಳು ತಪ್ಪಾಯಿತು ಎಂದರೆ ಯಾರ ತಲೆಯೂ ಹೋಗುವುದಿಲ್ಲ. ಸಣ್ಣ ಮಾತು, ಆಡಿ ಮುಗಿಸು.

ಊಟ ಬಿಡಬೇಡ.

ಅಮ್ಮ

ಏಪ್ರಿಲ್ ೨೩

ಅಮ್ಮಾ,

ಆಯಿತು.

ಆ ಹೆಂಗಸು ನಿನ್ನೆ ಸಂಜೆ ನನ್ನ ಕೋಣೆ ಹುಡುಕಿಕೊಂಡು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, "ನೀವು ತಪ್ಪಾಯ್ತು ಅಂದುಬಿಡಿ ಮೇಡಂ, ನಂಗೇನೂ ಬೇಜಾರಿಲ್ಲ. ನಾನೇ ಬಂದು ಹೇಳೋಣ ಅಂದ್ರೆ ಕೆಲಸದಿಂದ ತೆಗೀತೀವಿ ಅಂದಿದ್ದಾರೆ. ನಮ್ಮಿಂದ ನಿಮಗ್ಯಾಕೆ ತೊಂದರೆ? ಸುಮ್ಮನಿರೋದು ನಮಗೇನು ಹೊಸದಾ?" ಎಂದು ನನ್ನನ್ನೇ ಸಮಾಧಾನ ಮಾಡಿ ಹೋದರು.

ವಿಚಾರಣೆ ಮೇ ಮೊದಲ ವಾರ.

ಪುಟ್ಟಿ

ಏಪ್ರಿಲ್ ೨೭

ಪುಟ್ಟೀ, ನನ್ನ ಮರೀ,

ಹೋದ ವಾರದ ನನ್ನ ಪತ್ರ ಹರಿದುಹಾಕು.

ನಿನ್ನ "ಆಯಿತು" ಬಂದ ದಿನದಿಂದ ಅನ್ನ ಇಳಿಯಲಿಲ್ಲ. ನೀನು ಎದುರುಮಾತಾಡಿ ಜಗಳ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸಂಘದಲ್ಲಿ ಅದನ್ನು ಮೀಸೆಗೆ ತೋರಿಸಿದೆ. ಅವನು ಎಂದೂ ಕೋಪ ಮಾಡಿಕೊಂಡವನಲ್ಲ. ಆವತ್ತು ಮೇಜು ಬಡಿದ ರಭಸಕ್ಕೆ ಲೋಟ ಉರುಳಿತು.

"ಅವಳು ತಪ್ಪು ತೋರಿಸಿದೆ ಅಂದ್ರೆ ನಾವು ನೋಡಿದ್ದೇನು? ನಾಳೆ ನನ್ನ ಹೊಟ್ಟೆ ಕೊಯ್ಯೋ ಮುಂಚೆ ಡಾಕ್ಟರು ಏನೋ ಹೇಳ್ತಾರೆ. ಯಾರದೋ ಕೈ ಅದನ್ನ ನಂಗೆ ತೋರಿಸುತ್ತೆ. ಆ ಕೈನ ನಾನು ನಂಬಬೇಕಾ ಬೇಡ್ವಾ? ನೀನೇ ಹೇಳು!" ಎಂದ.

ಮನೆಗೆ ಬಂದು ಕುಳಿತು ಯೋಚಿಸಿದೆ. ನಾನು ತಾಯಿಯಾಗಿ ಹೆದರಿದ್ದೆ, ಕಿವುಡಿಯಾಗಿ ಯೋಚಿಸಿರಲಿಲ್ಲ. ಕೇಳುವವರಿಗೆ ನೀನು ಮೂಲೆಯ ಒಂದು ಚೌಕ. ನಮಗೆ ಆ ಇಡೀ ಸಭೆ ಎಂದರೆ ನೀನೊಬ್ಬಳೇ.

ನಿನಗೆ ಸರಿ ಕಂಡದ್ದನ್ನು ಹೇಳು. ಕೆಲಸ ಹೋದರೆ ಹೋಗಲಿ, ಅಂಟಿನ ಡಬ್ಬಿ ಇಬ್ಬರಿಗೆ ಸಾಕಾಗುವಷ್ಟು ದೊಡ್ಡದಿದೆ. ವಿಚಾರಣೆಗೆ ನಾನೂ ಮೀಸೆಯೂ ಸಾಕ್ಷಿ ಹೇಳಲು ಬರುತ್ತೇವೆ. ಬೇಡ ಎನ್ನಬೇಡ. ನೀನು ಬೇಡ ಎಂದರೂ ನನಗೆ ಕೇಳುವುದಿಲ್ಲವಲ್ಲ!

ನಿನ್ನ
ಅಮ್ಮ

ಮೇ ೮

ಪುಟ್ಟೀ,

ಬಸ್ಸು ಸುಖವಾಗಿ ತಲುಪಿತು. ಮೀಸೆ ದಾರಿಯುದ್ದಕ್ಕೂ ನಿನ್ನೆ ನಡೆದದ್ದನ್ನು ಮತ್ತೆ ಮತ್ತೆ ಅಭಿನಯಿಸಿ ತೋರಿಸಿ ಪಕ್ಕದ ಸೀಟಿನವರನ್ನು ಹೆದರಿಸಿದ. ಅಧ್ಯಕ್ಷರಿಗೆ ಈಗ ನಮ್ಮಲ್ಲಿ ಹೊಸ ಸನ್ನೆಯ ಹೆಸರು ಬಂದಿದೆ, ಬೆರಳಿನಿಂದ ಮೈಕಿನ ಸ್ವಿಚ್ಚು ತಿರುಗಿಸಿದ ಹಾಗೆ. ಹಳೆಯ ಹೆಸರು ಎಲ್ಲರಿಗೂ ಮರೆತೇ ಹೋಗಿದೆ.

ನೀನು ನಮಗೂ ವಿಚಾರಣೆಯ ಅಧಿಕಾರಿಗೂ ನಡುವೆ ನಿಂತಿದ್ದೆ, ನೋಡಲು ನಿನಗೆ ಪುರಸೊತ್ತಿರಲಿಲ್ಲ. ಅದಕ್ಕೇ ನಾನು ಕಂಡದ್ದನ್ನು ಬರೆಯುತ್ತೇನೆ.

ನಮ್ಮ ಮಾತನ್ನು ತಿಳಿಸಲು ಬೇರೊಬ್ಬರು ಸಿಗದೆ ನಿನ್ನ ಮೇಲಿನ ವಿಚಾರಣೆಗೆ ನಿನ್ನನ್ನೇ ನಿಲ್ಲಿಸಿದರಲ್ಲ, ಆಗ ಆ ಅಧಿಕಾರಿಯ ಮುಖ ನೋಡಬೇಕಿತ್ತು. ನೆಗಡಿಯಾದವರ ಹಾಗೆ ಮೂಗು ಉಜ್ಜಿಕೊಂಡರು. ಆ ದಿನ ಚೌಕ ಕಪ್ಪಾಗುವವರೆಗೆ ನೀನು ತೋರಿಸಿದ್ದನ್ನು ಮೀಸೆ ಒಂದೂ ಬಿಡದೆ ಮಾಡಿ ತೋರಿಸಿದ. ಆಮೇಲೆ ನನ್ನ ಸರದಿ.

ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಚೆನ್ನಾಗಿ ಜೋಡಿಸಿಕೊಂಡಿದ್ದೆ. ನಿನ್ನನ್ನು ನೋಡಿದ ಕೂಡಲೇ ಎಲ್ಲ ಹಾರಿಹೋಯಿತು, ಬೇರೆಯದೇ ಬಂತು. "ಇವಳು ಚಿಕ್ಕವಳಿದ್ದಾಗ ಅಂಗಡಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ನನ್ನ ಜೊತೆ ಬರ್ತಿದ್ಲು ಸಾರ್. ಜನ ನನ್ನ ಬೈದ್ರೆ, ನಕ್ಕರೆ, ನಂಗೆ ಹೇಳ್ತಿರ್ಲಿಲ್ಲ. ಏನಂದ್ರು ಅಂದ್ರೆ, ಕಾಯ್ಬೇಕಂತೆ ಅಂತಿದ್ಲು." ಇಲ್ಲಿಗೆ ಬಂದಾಗ ನಿನ್ನ ತುಟಿ ನಿಂತುಬಿಟ್ಟಿತು. ಇದು ನನಗೆ ಗೊತ್ತಿತ್ತೆಂದು ನಿನಗೆ ಗೊತ್ತಿರಲಿಲ್ಲ, ಅಲ್ಲವೇ? ಗೊತ್ತಿತ್ತು ಮರಿ. ಮೊದಲಿನಿಂದಲೂ ಗೊತ್ತಿತ್ತು. ಅಷ್ಟು ಚಿಕ್ಕ ಹುಡುಗಿ ನನಗಾಗಿ ಅಷ್ಟೊಂದು ಬೈಗುಳ ಒಬ್ಬಳೇ ಇಟ್ಟುಕೊಂಡಿದ್ದಾಳಲ್ಲ ಎಂದು ರಾತ್ರಿ ನೀನು ಮಲಗಿದ ಮೇಲೆ ನಿನ್ನ ಕಾಲು ಒತ್ತುತ್ತಿದ್ದೆ.

ನಾನು ಮೇಜು ತಟ್ಟಿ "ಪೂರ್ತಿ ಹೇಳು" ಎಂದೆ. ನೀನು ಹೇಳಿದೆ.

"ಮುಚ್ಚಿಡುವಾಗ ಇವಳ ಕೈ ಬೇಗ ಓಡುತ್ತೆ, ಕಣ್ಣು ನನ್ನ ಭುಜದ ಮೇಲೆ ಇರುತ್ತೆ. ಆ ದಿನ ಟೀವಿಯಲ್ಲಿ ಕಣ್ಣು ನೇರ ಇತ್ತು, ಕೈ ನಿಧಾನ ಇತ್ತು. ನನ್ನ ಮಗಳು ಸುಳ್ಳು ಹೇಳೋದು ಹೇಗಿರುತ್ತೆ ಅಂತ ನನ್ನಷ್ಟು ನೋಡಿದವರು ಯಾರೂ ಇಲ್ಲ. ಅದು ಸುಳ್ಳಲ್ಲ ಸಾರ್."

ನಿನ್ನ ದನಿ ಹೇಗಿತ್ತೋ ನನಗೆ ತಿಳಿಯದು. ಆದರೆ ಕೋಣೆಯಲ್ಲಿದ್ದವರೆಲ್ಲ ನನ್ನನ್ನು ಬಿಟ್ಟು ನಿನ್ನನ್ನೇ ನೋಡುತ್ತಿದ್ದರು.

ಆಮೇಲೆ ಅಧಿಕಾರಿ ನಿನ್ನನ್ನು ಏನೋ ಕೇಳಿದರು. ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಹೆಂಗಸು ಎದ್ದು ನಿಂತಳು, ನಿನ್ನ ಟೈಪಿಸ್ಟ್ ಅಕ್ಕ ಅವಳೇ ಇರಬೇಕು. ಅವಳ ತುಟಿ ಅದುರುತ್ತಿತ್ತು, ಏನೂ ಓದಲಾಗಲಿಲ್ಲ. ಕಾರ್ಯದರ್ಶಿಯ ಮುಖ ಸುಣ್ಣದ ಗೋಡೆಯಂತಾಯಿತು. ನೀನು ನನಗೆ ತಿಳಿಸಬೇಕೆಂದು ಕೈ ಎತ್ತಿದೆ, ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಹೊರಗೆ ಬಂದ ಮೇಲೆ ಕೇಳೋಣವೆಂದರೆ ಬಸ್ಸಿಗೆ ಹೊತ್ತಾಗಿತ್ತು, ನೀನು ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ.

ಅವಳು ಏನು ಹೇಳಿದಳು?

ಅಮ್ಮ

ಮೇ ೩೦

ಅಮ್ಮಾ,

ತಡವಾಯಿತು. ಎಲ್ಲ ತೀರ್ಮಾನವಾದ ಮೇಲೆ ಒಟ್ಟಿಗೆ ಬರೆಯೋಣವೆಂದು ಕಾದೆ.

ನೀನು ಹೇಳಿ ಮುಗಿಸಿದ ಮೇಲೆ ಅಧಿಕಾರಿ ಕೇಳಿದ್ದು ಇದು: "ಆರೋಪ ನಿಮ್ಮ ಮೇಲೆ. ಸಾಕ್ಷಿ ನಿಮ್ಮ ತಾಯಿ. ಅವರ ಮಾತು ಹೇಳ್ತಿರೋದೂ ನೀವೇ. ಅವರು ಇದನ್ನೇ ಹೇಳಿದ್ರು ಅಂತ ನಾನು ಹೇಗಮ್ಮ ನಂಬಲಿ?" ಅವರು ಕೆಟ್ಟದಾಗಿ ಕೇಳಲಿಲ್ಲ. ನಿಜವಾಗಿಯೂ ದಾರಿ ಕಾಣದೆ ಕೇಳಿದರು. ನನಗೂ ದಾರಿ ಕಾಣಲಿಲ್ಲ.

ಆಗ ಟೈಪಿಸ್ಟ್ ಅಕ್ಕ ಎದ್ದರು. ಅವರ ದನಿ ಎಷ್ಟು ಸಣ್ಣಗಿತ್ತೆಂದರೆ ಅಧಿಕಾರಿ "ಏನಂದ್ರಿ?" ಎಂದು ಮುಂದೆ ಬಗ್ಗಬೇಕಾಯಿತು.

"ಆ ದಿನ ನಾನು ಅಲ್ಲೇ ಕೂತಿದ್ದೆ ಸಾರ್. ಆಯಮ್ಮ ಹೇಳಿದ್ದೂ ಅದೇ, ಈ ಹುಡುಗಿ ತೋರಿಸಿದ್ದೂ ಅದೇ. ಮೈಕ್ ಆಫ್ ಆಗಿತ್ತು. ನನ್ನ ಕಿವಿ ಆಫ್ ಆಗಿರ್ಲಿಲ್ಲ."

"ಹಾಗಾದ್ರೆ ದಾಖಲೆಯಲ್ಲಿ ಯಾಕೆ ಬರೀಲಿಲ್ಲ?"

"ಬರೀಬೇಡ ಅಂದ್ರು."

"ಯಾರು?"

ಅಕ್ಕ ತಿರುಗಿ ಕಾರ್ಯದರ್ಶಿಗಳನ್ನು ನೋಡಿದರು. "ಇವರು ಸಾರ್. ಇದೊಂದೇ ಸಲ ಅಲ್ಲ."

ಅದನ್ನು ನಿನಗೆ ತಿಳಿಸಬೇಕೆಂದು ನಾನು ಕೈ ಎತ್ತಿದೆ ಅಮ್ಮ. ಇಷ್ಟು ವರ್ಷ ಯಾರ ಯಾರ ಮಾತನ್ನೋ ಸನ್ನೆಗೆ ತಂದಿದ್ದೇನೆ. ಈ ನಾಲ್ಕು ಮಾತು ಮಾತ್ರ ಕೈಗೆ ಬರಲಿಲ್ಲ.

ಹೊರಗೆ ನೀವು ಹೋದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. "ನಿಮ್ಮ ಅಮ್ಮ ಮೇಜು ತಟ್ಟಿದ್ರಲ್ಲ," ಎಂದರು, "ನಂಗೇ ತಟ್ಟಿದ ಹಾಗಾಯ್ತು." 

ಈಗ ತೀರ್ಮಾನ. ನನ್ನ ಸನ್ನೆಯಲ್ಲಿ ತಪ್ಪಿರಲಿಲ್ಲ ಎಂದು ಅಧಿಕಾರಿ ಬರೆದಿದ್ದಾರೆ. ಆಸ್ಪತ್ರೆಯ ಆ ಯಂತ್ರ ನಿಲ್ಲಿಸಿದ್ದಾರೆ. ಕೈ ಸುಟ್ಟವರಿಗೆ ಅದು ಕೆಲಸದಲ್ಲೇ ಆದದ್ದೆಂದು ಒಪ್ಪಿ ಚಿಕಿತ್ಸೆ ಕೊಡಿಸುತ್ತಿದ್ದಾರೆ. ನಿನ್ನೆ ಅವರನ್ನು ನೋಡಿ ಬಂದೆ. ಎರಡು ಬೆರಳು ಸ್ವಲ್ಪ ಮಡಚುತ್ತಾರೆ. ಮಿಕ್ಕವು ಯಾವಾಗಲೋ, ಡಾಕ್ಟರಿಗೂ ಗೊತ್ತಿಲ್ಲ.

ಕಾರ್ಯದರ್ಶಿಗಳು ಅದೇ ಕುರ್ಚಿಯಲ್ಲಿದ್ದಾರೆ. ಅಕ್ಕನನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. "ಇಲ್ಲಿ ಯಾರೂ ಬರಲ್ಲ, ಜೋರಾಗಿ ಹಾಡ್ಕೊಂಡು ಕೆಲಸ ಮಾಡ್ಬೋದು," ಎಂದು ನಗುತ್ತಾರೆ. ಟೀಗೆ ಮೇಲೆ ಬಂದರೆ ಈಗ ಮೊದಲು ಮಾತು ತೆಗೆಯುವವರು ಅವರೇ. ಮಿಕ್ಕವರು ಕಿಟಕಿ ನೋಡುತ್ತಾರೆ, ಆದರೆ ಎದ್ದು ಹೋಗುವುದಿಲ್ಲ.

ನನ್ನ ಕೆಲಸ ನಾಳೆಗೆ ಮುಗಿಯುತ್ತದೆ. ತಪ್ಪು ಮಾಡಿದ್ದಕ್ಕಲ್ಲವಂತೆ, ಹುದ್ದೆಯೇ ಸದ್ಯಕ್ಕೆ ಬೇಡವಂತೆ. ಈ ಊರಿನ ಕಿವುಡರ ಸಂಘದವರು ನಗರಸಭೆಗೆ ಹೋಗಿ ಕೂತಿದ್ದಾರೆ, ಸನ್ನೆ ಮಾಡುವವರನ್ನು ಕೊಡುವವರೆಗೂ ಏಳುವುದಿಲ್ಲವಂತೆ. ಅವರ ಗಲಾಟೆ ನಿನಗೆ ಗೊತ್ತಲ್ಲ, ಮೇಜುಗಳು ಉಳಿದರೆ ಹೆಚ್ಚು. ಏನಾಗುತ್ತದೋ ನೋಡೋಣ. ನನಗೆ ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ನಿನಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂಬುದು ಈಗ ಗೊತ್ತಾಗಿದೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಂಗಡಿಗಳಲ್ಲಿ, ಆಸ್ಪತ್ರೆಯಲ್ಲಿ, ಆಗ ನಿನಗೆ ಹೇಳದೆ ಇಟ್ಟುಕೊಂಡಿದ್ದೆಲ್ಲ ಒಂದೊಂದಾಗಿ ಹೇಳಬೇಕು ಅನ್ನಿಸಿದೆ. ಕೆಲವು ಕೇಳಿದರೆ ನೀನು ಅಳುತ್ತೀಯ, ಕೆಲವಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀಯ. ಅಂದು ಅಂಗಡಿಗೆ ರಜೆ ಹಾಕು. ಬಸ್‌ಸ್ಟ್ಯಾಂಡಿಗೆ ಬರುವಾಗ ಚೀಲ, ಕೊಡೆ, ಫೋನು ಏನೂ ತರಬೇಡ. ಎರಡೂ ಕೈ ಖಾಲಿ ಇರಲಿ.

ನಿನ್ನ
ಪುಟ್ಟಿ